ಒಂದೇ ಸೂರಿನಡಿಯಲ್ಲಿ ಹಕ್ಕಿ ಮತ್ತು ಹಾವು

ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆಲ್ಲ ಒಂದು ನೋಟ ಪರಿಚಿತವಾದದ್ದು. ಕಾವೇರಿಯ ನಡುವಣ ತಿಟ್ಟುಗಳ ಮರಗಳಲ್ಲಿ ಕೊಕ್ಕರೆಗಳೂ ಬೆಳ್ಳಕ್ಕಿಗಳೂ ಗೂಡು ಕಟ್ಟಿ ಮರಿಗಳಿಗೆ ಗುಟುಕು ಕೊಡುತ್ತಿರುತ್ತವೆ. ಅದೇ ಮರಗಳ ಕೆಳಗೆ, ಬಂಡೆಯ ಮೇಲೆ, ಬಾಯಿ ತೆರೆದುಕೊಂಡು ಮೊಸಳೆ ಬಿಸಿಲು ಕಾಯಿಸುತ್ತ ಬಿದ್ದಿರುತ್ತದೆ. ದೋಣಿಯಲ್ಲಿ ಮಕ್ಕಳಿದ್ದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೊಸಳೆ ಈ ಹಕ್ಕಿಗಳನ್ನು ತಿನ್ನುವುದಿಲ್ಲವೆ?"

ತಿನ್ನುತ್ತದೆ, ಸಿಕ್ಕಿದರೆ. ಕೊಂಬೆಯಿಂದ ಜಾರಿ ನೀರಿಗೆ ಬಿದ್ದ ಮರಿ ಮೊಸಳೆಯ ಪಾಲು. ಆದರೆ ಗೂಡಿರುವ ಎತ್ತರಕ್ಕೆ ಮೊಸಳೆ ಬರಲಾರದು. ಗೂಡು ಕಟ್ಟಿದ ಹಕ್ಕಿ ಮೊಸಳೆಯ ಬಂಡೆಗೆ ಇಳಿಯಬೇಕಾದುದೂ ಇಲ್ಲ. ಮೇಲಾಗಿ, ಮೊಸಳೆಯ ನೆರೆ ಹಕ್ಕಿಗೆ ಉಪಕಾರವಾಗುವುದೂ ಉಂಟು. ಅಮೆರಿಕದ ಫ್ಲಾರಿಡಾದ ಜೌಗು ಪ್ರದೇಶದಲ್ಲಿ ನೀರುಹಕ್ಕಿಗಳ ಗೂಡುಗಳ ಕೆಳಗೆ ಆಲಿಗೇಟರ್ ಎಂಬ ಮೊಸಳೆ ಜಾತಿ ನೆಲಸಿರುತ್ತದೆ. ಮರ ಹತ್ತಿ ಮೊಟ್ಟೆ ಕದಿಯುವ ಪ್ರಾಣಿಗಳು ಅದಕ್ಕೆ ಹೆದರಿ ಅತ್ತ ಸುಳಿಯುವುದು ಕಡಮೆ. ಬಿದ್ದ ಮರಿಗಳು ಕಾವಲಿಗೆ ಕೊಟ್ಟ ಕೂಲಿ ಎನ್ನೋಣವೆ? ಡಾ. ಸಲೀಂ ಅಲಿಯವರು ರಂಗನತಿಟ್ಟನ್ನು ನೋಡಿ, ಮೈಸೂರಿನ ಮಹಾರಾಜರ ಸರಕಾರಕ್ಕೆ ಹೇಳಿ, ೧೯೪೦ರಲ್ಲಿ ಅದನ್ನು ಪಕ್ಷಿಧಾಮವೆಂದು ಸಾರುವಂತೆ ಮಾಡಿದರು. ಅವರು ಉಳಿಸಿಕೊಟ್ಟದ್ದು ಹಕ್ಕಿಗಳನ್ನು ಮಾತ್ರವಲ್ಲ, ಈ ಹಳೆಯ ಏರ್ಪಾಡನ್ನೂ ಕೂಡ.

ನದಿ ತಾನಾಗಿ ಮಾಡಿಕೊಂಡ ಇಂಥ ಏರ್ಪಾಡನ್ನು ಮನುಷ್ಯನು ತನ್ನ ಕೈಯಾರೆ, ಒಂದು ಬಲೆಯೊಳಗೆ, ಒಂದು ಸೂರಿನಡಿಯಲ್ಲಿ ಮಾಡಬಲ್ಲನೆ? ಯಾವ ಹಕ್ಕಿಯ ಜೊತೆಗೆ ಯಾವ ಆಮೆಯನ್ನು, ಯಾವ ಓತಿಯನ್ನು ಇರಿಸಬಹುದು? ಯಾವುದನ್ನು ಎಂದೆಂದಿಗೂ ಇರಿಸಬಾರದು? ಮೇಲುನೋಟಕ್ಕೆ ಇದು ಹವ್ಯಾಸಿಗಳ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದಕ್ಕೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ಇದಕ್ಕೆ ತಪ್ಪು ಉತ್ತರ ಕೊಟ್ಟದ್ದರಿಂದ ಒಂದು ದ್ವೀಪದ ಹಕ್ಕಿಗಳ ದನಿಯೇ ಅಡಗಿಹೋಯಿತು. ಆ ಕಥೆಯನ್ನು ನಿಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹಕ್ಕಿ ಮತ್ತು ಸರೀಸೃಪಗಳ ಸ್ನೇಹದ ಮೊದಲ ಕಥೆ ಹೇಳಿದವನು ಗ್ರೀಸಿನ ಹೆರೊಡೋಟಸ್. ಕ್ರಿ.ಪೂ. ಐದನೆಯ ಶತಮಾನದ ಈ ಚರಿತ್ರಕಾರನು ಈಜಿಪ್ಟಿನ ವರ್ಣನೆ ಮಾಡುತ್ತ, ನೈಲ್ ನದಿಯ ಮೊಸಳೆ ದಡಕ್ಕೆ ಬಂದು ಬಾಯಿ ತೆರೆದಾಗ ಒಂದು ಪುಟ್ಟ ಹಕ್ಕಿ ಒಳಹೊಕ್ಕು ಜಿಗಣೆಗಳನ್ನು ಹೆಕ್ಕಿ ತಿನ್ನುತ್ತದೆಂದೂ, ಮೊಸಳೆ ಸಂತೋಷದಿಂದ ಅದಕ್ಕೆ ಏನೂ ಕೇಡು ಮಾಡುವುದಿಲ್ಲವೆಂದೂ ಬರೆದಿದ್ದಾನೆ. ಎಷ್ಟೋ ಶಾಲಾ ಪುಸ್ತಕಗಳಲ್ಲಿ ಈ ಚಿತ್ರ ಬಂದಿದೆ. ಹಕ್ಕಿಗಳು ಮೊಸಳೆಯ ಹತ್ತಿರ ನಿರ್ಭಯವಾಗಿ ಓಡಾಡುವುದು ನಿಜ. ಆದರೆ ಬಾಯೊಳಗೆ ಹೊಕ್ಕು ಹಲ್ಲು ಶುಚಿಮಾಡುವುದಕ್ಕೆ ನಂಬತಕ್ಕ ಸಾಕ್ಷ್ಯ ಇದುವರೆಗೆ ದೊರೆತಿಲ್ಲ. ಕಥೆ ಮಾತ್ರ ಬದುಕಿತು. ಪ್ರಾಣಿಗಳು ಒಟ್ಟಿಗೆ ಇದ್ದರೆ ಅದು ಸ್ನೇಹದಿಂದಲೇ ಇರಬೇಕೆಂದು ನಂಬುವುದು ನಮಗೆಲ್ಲ ಇಷ್ಟ. ಪ್ರಾಣಿಗಳನ್ನು ಸಾಕುವವರಿಗೆ ಈ ನಂಬಿಕೆಯಿಂದ ಬಹಳ ನಷ್ಟವಾಗಿದೆ.

ಹಕ್ಕಿಮನೆ ಕಟ್ಟುವ ಬಗೆಯನ್ನು ಬರೆದಿಟ್ಟವರಲ್ಲಿ ಹಿರಿಯನೆಂದರೆ ರೋಮಿನ ವಾರೊ. ಕ್ರಿ.ಪೂ. ೩೭ರಲ್ಲಿ, ತನ್ನ ಎಂಬತ್ತರ ವಯಸ್ಸಿನಲ್ಲಿ, ಅವನು ವ್ಯವಸಾಯವನ್ನು ಕುರಿತು ಒಂದು ಗ್ರಂಥ ರಚಿಸಿದನು. ಕಸೀನಮ್ ಎಂಬ ಊರಿನ ತೋಟದಲ್ಲಿ ತಾನೇ ಕಟ್ಟಿಸಿದ ಹಕ್ಕಿಮನೆಯ ವರ್ಣನೆ ಅದರಲ್ಲಿದೆ. ಕಂಬಗಳ ಸಾಲು, ನಡುವೆ ಗೋಡೆಗೆ ಬದಲು ಬಲೆ, ಹಾಡುವ ಹಕ್ಕಿಗಳು, ಕೊಳದಲ್ಲಿ ಬಾತು, ಮೀನು. ಮಾರಾಟಕ್ಕಾಗಿ ಹಕ್ಕಿಗಳನ್ನು ಕೊಬ್ಬಿಸುವ ಮನೆಗೆ ಅವನು ಕೊಟ್ಟ ಸೂಚನೆಗಳು ಇನ್ನೂ ಕುತೂಹಲಕರವಾಗಿವೆ. ಬಾಗಿಲು ಕಿಟಕಿಗಳ ಸುತ್ತ ನುಣ್ಣಗೆ ಗಾರೆ ಮಾಡಬೇಕು, ಇಲಿಯಾಗಲಿ ಬೇರೆ ಪ್ರಾಣಿಯಾಗಲಿ ನುಸುಳಬಾರದು. ಮಾರಲು ಹಿಡಿದ ಹಕ್ಕಿಗಳನ್ನು ಕೊಲ್ಲುವುದಕ್ಕೆ ಪಕ್ಕದಲ್ಲಿ ಬೇರೆ ಕೋಣೆ ಇರಬೇಕು. ಉಳಿದ ಹಕ್ಕಿಗಳ ಕಣ್ಣಿಗೆ ಅದು ಬಿದ್ದರೆ ಅವು ಕುಗ್ಗುತ್ತವೆ. ಲುಕುಲ್ಲಸ್ ಎಂಬ ಶ್ರೀಮಂತನು ಹಕ್ಕಿಮನೆಯೊಳಗೇ ಊಟದ ಕೋಣೆ ಮಾಡಿಸಿಕೊಂಡಿದ್ದನಂತೆ. ತಟ್ಟೆಯಲ್ಲೂ ಹಕ್ಕಿ, ಕಿಟಕಿಯಲ್ಲೂ ಹಕ್ಕಿ. ಆದರೆ ನೋಡಿ ಕಣ್ಣಿಗಾದ ಸಂತೋಷಕ್ಕಿಂತ ಮೂಗಿಗಾದ ಕಷ್ಟವೇ ಹೆಚ್ಚಾಯಿತೆಂದು ವಾರೊ ನಗೆಯಾಡಿದ್ದಾನೆ. ರೋಮಿನವರ ಲೆಕ್ಕ ಸರಳವಾಗಿತ್ತು: ಹಕ್ಕಿಮನೆಯ ಗೋಡೆ ಇರುವುದೇ ಹರಿದಾಡುವ ಜೀವಿಗಳನ್ನು ಹೊರಗಿಡುವುದಕ್ಕೆ.

ಇನ್ನೊಂದು ಉದಾಹರಣೆ ಅಟ್ಲಾಂಟಿಕ್ ಸಾಗರದ ಆಚೆಯದು. ೧೫೧೯ರಲ್ಲಿ ಸ್ಪೇನಿನ ಕೊರ್ಟೆಸ್ ಮೆಕ್ಸಿಕೋದ ಆಜ್ಟೆಕ್ ರಾಜಧಾನಿಯನ್ನು ಹೊಕ್ಕಾಗ ಅಲ್ಲಿನ ದೊರೆ ಮೊಂಟೆಜೂಮನ ಹಕ್ಕಿಮನೆಯನ್ನು ಕಂಡು ಬೆರಗಾದನು. ಮರುವರ್ಷ ತನ್ನ ದೊರೆಗೆ ಬರೆದ ಪತ್ರದಲ್ಲಿ ಅದರ ವಿವರ ಕೊಟ್ಟಿದ್ದಾನೆ. ನೀರುಹಕ್ಕಿಗಳಿಗೆ ಹತ್ತು ಕೊಳಗಳು. ಕಡಲಹಕ್ಕಿಗೆ ಉಪ್ಪುನೀರು, ನದಿಯ ಹಕ್ಕಿಗೆ ಸಿಹಿನೀರು. ಯಾವ ಹಕ್ಕಿ ಕಾಡಿನಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಇಲ್ಲಿಯೂ ಕೊಡುತ್ತಿದ್ದರು: ಮೀನು ತಿನ್ನುವುದಕ್ಕೆ ಮೀನು, ಹುಳು ತಿನ್ನುವುದಕ್ಕೆ ಹುಳು, ಕಾಳು ತಿನ್ನುವುದಕ್ಕೆ ಕಾಳು. ಆರೈಕೆಗೆ ೩೦೦ ಜನ. ಕಾಯಿಲೆಬಿದ್ದ ಹಕ್ಕಿಗಳಿಗೆ ಮದ್ದು ಮಾಡುವವರು ಬೇರೆ. ಹಾವುಗಳಿಗೆ ಈ ಮನೆಯಲ್ಲಿ ಜಾಗವಿರಲಿಲ್ಲ. ಅವನ ಜೊತೆಯಲ್ಲಿದ್ದ ಬರ್ನಾಲ್ ಡಿಯಾಸ್ ಎಂಬ ಸೈನಿಕ ಬರೆದಿರುವ ಪ್ರಕಾರ ವಿಷದ ಹಾವುಗಳನ್ನು ಬೇರೆ ಕಡೆ ದೊಡ್ಡ ಮಡಕೆಗಳಲ್ಲಿ, ಹಕ್ಕಿಯ ಗರಿಗಳನ್ನು ಹಾಸಿ ಇರಿಸಿದ್ದರು. ಹಕ್ಕಿ ಹಾವಿನ ಮನೆಗೆ ಬಂದದ್ದು ಗರಿಯಾಗಿ ಮಾತ್ರ! ೧೫೨೧ರ ಮುತ್ತಿಗೆಯಲ್ಲಿ ಕೊರ್ಟೆಸನೇ ಈ ಹಕ್ಕಿಮನೆಗಳಿಗೆ ಬೆಂಕಿ ಹಚ್ಚಿಸಿದನು. ಯೂರೋಪು ಆ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಮೃಗಾಲಯಗಳು ಪ್ರಾಣಿಗಳನ್ನು ಪುಸ್ತಕ ಭಂಡಾರದಲ್ಲಿ ಪುಸ್ತಕಗಳನ್ನು ಜೋಡಿಸಿದಂತೆ ಜೋಡಿಸಿದವು. ಸಿಂಹಗಳ ಮನೆ ಒಂದು, ಗಿಳಿಗಳ ಮನೆ ಒಂದು. ಲಂಡನ್ನಿನ ಮೃಗಾಲಯ ೧೮೨೮ರಲ್ಲಿ ತೆರೆಯಿತು. ೧೮೪೯ರಲ್ಲಿ ಅಲ್ಲಿ ಸರೀಸೃಪಗಳಿಗೆಂದೇ ಒಂದು ಮನೆ ಕಟ್ಟಿದರು. ಜಗತ್ತಿನಲ್ಲಿ ಅಂಥ ಮನೆ ಅದೇ ಮೊದಲನೆಯದು. ನಮ್ಮ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ೧೮೯೨ರಲ್ಲಿ ಮೃಗಾಲಯವನ್ನು ಸ್ಥಾಪಿಸಿದಾಗ ಎಲ್ಲ ಕಡೆಯೂ ಇದೇ ಪದ್ಧತಿ ನಡೆಯುತ್ತಿತ್ತು. ಈ ಪದ್ಧತಿಯಲ್ಲಿ ಯಾವ ಜಾತಿಯ ಜೊತೆ ಯಾವ ಜಾತಿ ಎಂಬ ಪ್ರಶ್ನೆ ಏಳುವುದೇ ಇಲ್ಲ. ಅಪಾಯವೂ ಕಡಮೆ. ಆದರೆ ನೋಡುವವನಿಗೆ ಹಕ್ಕಿ ಎಲ್ಲಿ ಬದುಕುತ್ತದೆ, ಯಾರ ನಡುವೆ ಬದುಕುತ್ತದೆ ಎಂಬುದು ತಿಳಿಯುವುದಿಲ್ಲ. ಹಕ್ಕಿಗೂ ಕಂಬಿ, ಬೋಗುಣಿ ಇವುಗಳ ಹೊರತು ಬೇರೆ ಪ್ರಪಂಚವಿರುವುದಿಲ್ಲ.

ಈ ಗೋಡೆಗಳನ್ನು ಕೆಡಹಿದವರಲ್ಲಿ ಮುಖ್ಯನಾದವನು ಜರ್ಮನಿಯ ಕಾರ್ಲ್ ಹೇಗನ್‌ಬೆಕ್. ೧೯೦೭ರಲ್ಲಿ ಹ್ಯಾಂಬರ್ಗಿನ ಬಳಿ ಸ್ಟೆಲಿಂಗನ್ನಿನಲ್ಲಿ ಅವನು ತೆರೆದ ಉದ್ಯಾನದಲ್ಲಿ ಸಿಂಹಗಳ ಮುಂದೆ ಕಂಬಿಗಳಿರಲಿಲ್ಲ, ಕಣ್ಣಿಗೆ ಕಾಣದ ಕಂದಕವಿತ್ತು. ಮುಂದೆ ಕೊಳದಲ್ಲಿ ನೀರುಹಕ್ಕಿ, ಹಿಂದೆ ಹುಲ್ಲು ಮೇಯುವ ಪ್ರಾಣಿ, ಅದರ ಹಿಂದೆ ಸಿಂಹ; ನೋಡುವವರಿಗೆ ಎಲ್ಲವೂ ಒಂದೇ ಬಯಲಿನಲ್ಲಿದ್ದಂತೆ ಕಾಣುತ್ತಿತ್ತು. ಇದು ಮಂತ್ರದಿಂದ ಆದುದಲ್ಲ. ಹೇಗನ್‌ಬೆಕ್ ಮೊದಲು ಪ್ರತಿಯೊಂದು ಪ್ರಾಣಿ ಎಷ್ಟು ದೂರ ಹಾರಬಲ್ಲದು, ಎಷ್ಟು ಎತ್ತರ ನೆಗೆಯಬಲ್ಲದು ಎಂದು ಪರೀಕ್ಷಿಸಿದನು. ಒಣಗಿಸಿ ತುಂಬಿದ ಪಾರಿವಾಳವೊಂದನ್ನು ಎತ್ತರದಲ್ಲಿ ತೂಗುಹಾಕಿ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಗಳನ್ನು ನೆಗೆಯಲು ಬಿಟ್ಟನು. ಅವು ಎಲ್ಲಿಗೆ ಮುಟ್ಟಲಾರವೋ ಅಲ್ಲಿಂದ ಮುಂದಕ್ಕೆ ಹಕ್ಕಿಯ ಸೀಮೆ. ಒಟ್ಟಿಗೆ ಬಾಳುವುದನ್ನು ಊಹೆಗೆ ಬಿಡದೆ ಗಜಕಡ್ಡಿಯಿಂದ ಅಳೆದು ನೋಡಿದವನೆಂಬ ಕೀರ್ತಿ ಅವನಿಗೆ ಸಲ್ಲಬೇಕು.

ಅದೇ ಕಾಲದಲ್ಲಿ ಹಕ್ಕಿಮನೆಯೂ ಬೆಳೆಯಿತು. ೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವಸ್ತುಪ್ರದರ್ಶನಕ್ಕೆಂದು ೨೨೮ ಅಡಿ ಉದ್ದದ, ೫೦ ಅಡಿ ಎತ್ತರದ ಪಂಜರವೊಂದನ್ನು ಕಟ್ಟಿದರು. ಜನ ಅದರ ಹೊರಗೆ ನಿಲ್ಲದೆ ಒಳಗೇ ನಡೆದುಹೋಗಬಹುದಾಗಿತ್ತು. ಸರೀಸೃಪಗಳ ಪಾಲಿಗೆ ಬೆಳಕು ತಂದವಳು ಲಂಡನ್ನಿನ ಜೋನ್ ಪ್ರಾಕ್ಟರ್ ಎಂಬ ಮಹಿಳೆ. ೧೯೨೩ರಲ್ಲಿ ಆಕೆ ಅಲ್ಲಿನ ಸರೀಸೃಪ ವಿಭಾಗದ ಮೇಲ್ವಿಚಾರಕಿಯಾದಳು. ೧೯೨೭ರಲ್ಲಿ ಆಕೆಯ ಯೋಜನೆಯಂತೆ ಹೊಸ ಮನೆ ತೆರೆಯಿತು. ಬೆಳಕು ತಂದವಳು ಎಂಬುದು ಬರಿಯ ಅಲಂಕಾರದ ಮಾತಲ್ಲ. ಹಾವು, ಓತಿ, ಆಮೆಗಳ ಮೈ ತಾನಾಗಿ ಬಿಸಿಯಾಗಲಾರದು; ಬಿಸಿಲಿಗೆ ಬಂದು ಕಾಯಿಸಿಕೊಳ್ಳಬೇಕು, ಹೆಚ್ಚಾದಾಗ ನೆರಳಿಗೆ ಸರಿಯಬೇಕು. ಆದುದರಿಂದ ಇಡೀ ಮನೆಯನ್ನು ಒಂದೇ ಹದಕ್ಕೆ ಕಾಯಿಸದೆ, ಒಂದೊಂದು ಗೂಡಿನಲ್ಲೂ ಬಿಸಿಯ ಮೂಲೆ, ತಂಪಿನ ಮೂಲೆ ಎರಡೂ ಇರುವಂತೆ ಆಕೆ ಏರ್ಪಡಿಸಿದಳು. ಸೂರ್ಯನ ಅತಿನೇರಳೆ ಕಿರಣಗಳನ್ನು ಒಳಕ್ಕೆ ಬಿಡುವ ವಿಶೇಷ ಗಾಜನ್ನು ಹಾಕಿಸಿದಳು. ಆ ಕಿರಣಗಳಿಲ್ಲದೆ ಎಷ್ಟೋ ಓತಿ, ಆಮೆಗಳ ಎಲುಬು ಮೆತ್ತಗಾಗಿ ಸಾಯುತ್ತವೆ. ಹಕ್ಕಿಯ ಮೈಯಾದರೋ ಸದಾ ನಲವತ್ತು ಡಿಗ್ರಿ ಸೆಂಟಿಗ್ರೇಡಿನ ಸುತ್ತುಮುತ್ತ ಬೆಚ್ಚಗಿರುತ್ತದೆ. ಓತಿಗೆ ಬೇಕಾದ ಕಾವು ಅದಕ್ಕೆ ತಾಪವಾಗಬಹುದು. ಈ ಎರಡನ್ನೂ ಒಂದೇ ಸೂರಿನಡಿಯಲ್ಲಿ ಇಡುವವನು ಮೊದಲು ಬಿಡಿಸಬೇಕಾದ ಗಂಟು ಇದು.

ಇಷ್ಟು ಹೊತ್ತು ಮನುಷ್ಯನು ಬೇಕೆಂದೇ ಕಟ್ಟಿದ ಮನೆಗಳ ಮಾತಾಯಿತು. ಇನ್ನು ಯಾರೂ ಬೇಕೆಂದು ಕಟ್ಟದ, ಆದರೂ ಎಲ್ಲಕ್ಕಿಂತ ದೊಡ್ಡದಾದ ಒಂದು ಹಕ್ಕಿಮನೆಯ ಮಾತು. ಶಾಂತಸಾಗರದ ಪಶ್ಚಿಮಕ್ಕೆ ಗ್ವಾಮ್ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು ೫೪೦ ಚದರ ಕಿಲೋಮೀಟರು. ಸುತ್ತ ಸಮುದ್ರವೇ ಗೋಡೆ. ಎರೆಹುಳುವಿನಂಥ ಕುರುಡು ಹಾವೊಂದನ್ನು ಬಿಟ್ಟರೆ ಅಲ್ಲಿ ಹಾವಿರಲಿಲ್ಲ. ಹಕ್ಕಿಗಳು ಸಾವಿರಾರು ವರ್ಷ ಹಾವಿನ ಭಯವನ್ನೇ ಅರಿಯದೆ ಬೆಳೆದುವು. ಅವುಗಳಲ್ಲಿ ಹಾರುವುದನ್ನೇ ಮರೆತ ಕೋಕೋ ಎಂಬ ನೆಲಕೋಳಿಯಂಥ ಹಕ್ಕಿಯೂ, ಸಿಹೆಕ್ ಎಂಬ ಕಂದು ನೀಲಿ ಬಣ್ಣದ ಮಿಂಚುಳ್ಳಿಯೂ ಇದ್ದುವು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೫೦ರ ಸುಮಾರಿಗೆ, ನ್ಯೂಗಿನಿಯ ಕಡೆಯಿಂದ ಬಂದ ಸೈನ್ಯದ ಸರಕಿನಲ್ಲಿ ಅಡಗಿಕೊಂಡು ಕಂದು ಮರಹಾವು ಗ್ವಾಮಿನಲ್ಲಿ ಇಳಿಯಿತೆಂದು ಪಂಡಿತರು ನಂಬುತ್ತಾರೆ. ರಾತ್ರಿಯ ಹೊತ್ತು ಮರ ಹತ್ತುವ ಹಾವು. ಯಾರೂ ಅದನ್ನು ಲಕ್ಷಿಸಲಿಲ್ಲ. ಕೆಲವು ವರ್ಷಗಳಲ್ಲಿ ದಕ್ಷಿಣದ ಕಾಡುಗಳಲ್ಲಿ ಹಕ್ಕಿಗಳು ಕಡಮೆಯಾದವು. ಆಮೇಲೆ ಮಧ್ಯಭಾಗದಲ್ಲಿ. ೧೯೮೦ರ ದಶಕದ ಹೊತ್ತಿಗೆ ಉತ್ತರದ ಒಂದು ಮೂಲೆಯಲ್ಲಿ ಮಾತ್ರ ಉಳಿದವು. ಕೀಟನಾಶಕ ಕಾರಣವೆಂದರು ಕೆಲವರು, ರೋಗವೆಂದರು ಕೆಲವರು. ಜೂಲಿ ಸ್ಯಾವಿಡ್ಜ್ ಎಂಬ ಸಂಶೋಧಕಿ ಒಂದೊಂದೇ ಕಾರಣವನ್ನು ಪರೀಕ್ಷಿಸಿ ಬದಿಗಿಟ್ಟಳು. ಕಾಡಿನಲ್ಲಿ ಲಾವಕ್ಕಿಗಳನ್ನು ಬೋನುಗಳಲ್ಲಿಟ್ಟು ನೋಡಿದಾಗ, ಹಕ್ಕಿಗಳು ಕಾಣೆಯಾದ ಜಾಗಗಳಲ್ಲಿ ಹಾವು ಬಂದು ಅವುಗಳನ್ನು ನುಂಗಿತ್ತು. ೧೯೮೭ರಲ್ಲಿ ಆಕೆಯ ಪ್ರಬಂಧ ಪ್ರಕಟವಾದ ಮೇಲೆ ಸಂದೇಹ ಉಳಿಯಲಿಲ್ಲ. ಅಷ್ಟರಲ್ಲಿ ತಡವಾಗಿತ್ತು. ಗ್ವಾಮಿನ ಕಾಡುಗಳ ಹನ್ನೆರಡು ಜಾತಿಯ ಹಕ್ಕಿಗಳಲ್ಲಿ ಹತ್ತು ಜಾತಿ ದ್ವೀಪದಿಂದ ಮಾಯವಾದವು.

ಇಲ್ಲಿ ನೀವು ಕೇಳಬಹುದು: ಹಕ್ಕಿಗಳು ಮುಗಿದ ಮೇಲೆ ಹಾವಾದರೂ ಹಸಿದು ಸಾಯಬೇಕಾಗಿತ್ತಲ್ಲವೆ? ಸಾಯಲಿಲ್ಲ. ದ್ವೀಪದಲ್ಲಿ ಹಲ್ಲಿಗಳೂ ಅರಣೆಗಳೂ ಬೇಕಾದಷ್ಟಿದ್ದುವು. ಮರಿಹಾವು ಅವನ್ನು ತಿಂದು ಬೆಳೆಯುತ್ತಿತ್ತು, ದೊಡ್ಡದಾದ ಮೇಲೆ ಹಕ್ಕಿಗೆ ಬಾಯಿ ಹಾಕುತ್ತಿತ್ತು. ಹಕ್ಕಿ ಎಷ್ಟು ಕಡಮೆಯಾದರೂ ಹಾವಿನ ಸಂಖ್ಯೆ ಇಳಿಯಲಿಲ್ಲ. ಕೊನೆಯ ಗೂಡಿನವರೆಗೂ ಹುಡುಕಿತು. ಒಂದೇ ಮನೆಯಲ್ಲಿ ಇಬ್ಬರನ್ನು ಇರಿಸುವಾಗ ಆ ಇಬ್ಬರನ್ನು ಮಾತ್ರ ನೋಡಿದರೆ ಸಾಲದು, ಮೂರನೆಯವನು ಯಾರಿಗೆ ಅನ್ನ ಹಾಕುತ್ತಿದ್ದಾನೆ ಎಂಬುದನ್ನೂ ನೋಡಬೇಕು. ಹುಳು ಹಿಡಿಯುವ ಹಕ್ಕಿಗಳು ಹೋದದ್ದರಿಂದ ಗ್ವಾಮಿನ ಕಾಡುಗಳಲ್ಲಿ ಜೇಡರ ಬಲೆಗಳು ತುಂಬಿಕೊಂಡವು. ಮಳೆಗಾಲದಲ್ಲಿ ನೆರೆಯ ದ್ವೀಪಗಳಿಗಿಂತ ನಲವತ್ತು ಪಾಲಿನಷ್ಟು ಜೇಡಗಳಿದ್ದುದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಹಾವುಗಳು ವಿದ್ಯುತ್ ತಂತಿಗಳ ಮೇಲೂ ಹತ್ತಿದವು. ಊರಿನ ದೀಪಗಳು ಎಷ್ಟೋ ಸಲ ಆರಿದವು. ರೇಡಿಯೋ ಕೇಳುತ್ತಿದ್ದವರಿಗೂ ಹಾವಿನ ಉಪದ್ರವ ತಪ್ಪಲಿಲ್ಲ.

ಉಳಿದ ಹಕ್ಕಿಗಳನ್ನು ಉಳಿಸಿಕೊಳ್ಳುವ ದಾರಿ ಒಂದೇ ಆಗಿತ್ತು. ಹೊರಗಿನ ದೊಡ್ಡ ಹಕ್ಕಿಮನೆಯಿಂದ ತೆಗೆದು ಒಳಗಿನ ಚಿಕ್ಕ ಹಕ್ಕಿಮನೆಗೆ ಸೇರಿಸುವುದು. ೧೯೮೩ರಿಂದ ೧೯೮೬ರೊಳಗೆ ೨೧ ಕೋಕೋ ಹಕ್ಕಿಗಳನ್ನೂ, ೧೯೮೪ರಿಂದ ೧೯೮೬ರೊಳಗೆ ೨೯ ಸಿಹೆಕ್‌ಗಳನ್ನೂ ಹಿಡಿದು ತಂದರು. ೧೯೮೮ರ ಬಳಿಕ ಗ್ವಾಮಿನ ಕಾಡಿನಲ್ಲಿ ಸಿಹೆಕ್ ಕಾಣಲಿಲ್ಲ. ಒಂದು ಜಾತಿಯ ಬದುಕೆಲ್ಲ ಕೆಲವು ಪಂಜರಗಳ ಮೇಲೆ, ಕೆಲವು ಪಾಲಕರ ಎಚ್ಚರದ ಮೇಲೆ ನಿಂತಿತ್ತು.

ಈಗ ಆ ಪಾಲಕರ ಸ್ಥಾನದಲ್ಲಿ ನಿಮ್ಮನ್ನು ಇಟ್ಟುಕೊಂಡು ನೋಡಿ. ಸಿಹೆಕ್ ಹಾವಿನಿಂದ ಹಾಳಾದ ಹಕ್ಕಿ, ನಿಜ. ಆದರೆ ಅದಕ್ಕೆ ಅಚ್ಚುಮೆಚ್ಚಿನ ಆಹಾರ ಯಾವುದು? ಹಲ್ಲಿ, ಅರಣೆ, ಓತಿ! ಪಂಜರದೊಳಗೆ ಸಣ್ಣ ಓತಿಯನ್ನು ಬಿಟ್ಟರೆ ಅದು ಜೊತೆಗಾರನಾಗುವುದಿಲ್ಲ, ಊಟವಾಗುತ್ತದೆ. ಇನ್ನೂ ವಿಚಿತ್ರವೆಂದರೆ, ಗಂಡು ಹೆಣ್ಣು ಸಿಹೆಕ್‌ಗಳೇ ಒಂದನ್ನೊಂದು ಒಪ್ಪದೆ ಕಾದಾಡುವುದುಂಟು. ಯಾವ ಗಂಡಿಗೆ ಯಾವ ಹೆಣ್ಣು ಹೊಂದುತ್ತದೆಂದು ಕಾದು ನೋಡಿಯೇ ಜೋಡಿ ಕೂಡಿಸಬೇಕು. ಒಂದೇ ಜಾತಿಯಲ್ಲಿಯೇ ಹೀಗಾದರೆ ಬೇರೆ ಜಾತಿಗಳ ಮಾತೇನು? ಆದರೂ ಪಾಲಕರ ತಾಳ್ಮೆ ಫಲಿಸಿತು. ೧೯೮೯ರಿಂದ ಕೋಕೋ ಹಕ್ಕಿಗಳನ್ನು ಹಾವಿಲ್ಲದ ರೋಟ ದ್ವೀಪದಲ್ಲಿ ಬಿಡತೊಡಗಿದರು, ೨೦೧೦ರಲ್ಲಿ ಗ್ವಾಮಿನ ಪಕ್ಕದ ಪುಟ್ಟ ಕೋಕೋಸ್ ದ್ವೀಪದಲ್ಲಿಯೂ ಬಿಟ್ಟರು. ೨೦೧೯ರಲ್ಲಿ, ಕಾಡಿನಲ್ಲಿ ಅಳಿದುಹೋದವುಗಳ ಪಟ್ಟಿಯಿಂದ ಕೋಕೋವಿನ ಹೆಸರನ್ನು ತೆಗೆದರು. ಮರುವರ್ಷವೇ, ೨೦೨೦ರಲ್ಲಿ, ಕೋಕೋಸ್ ದ್ವೀಪಕ್ಕೂ ಮರಹಾವು ಬಂದು ಸೇರಿರುವುದು ಕಂಡುಬಂತು. ಒಮ್ಮೆ ಮುಚ್ಚಿದ ಬಾಗಿಲು ಮುಚ್ಚಿಯೇ ಇರುತ್ತದೆಂದು ಹೇಳುವ ಹಾಗಿಲ್ಲ.

ಹಾಗಾದರೆ ಹಕ್ಕಿ ಮತ್ತು ಸರೀಸೃಪಗಳನ್ನು ಒಂದೇ ಸೂರಿನಡಿ ಇಡುವುದೇ ತಪ್ಪೆ? ಹಾಗೇನೂ ಇಲ್ಲ. ಹಾಲೆಂಡಿನ ಆರ್ನೆಮ್ ನಗರದ ಮೃಗಾಲಯದಲ್ಲಿ ೧೯೮೮ರಲ್ಲಿ ಸುಮಾರು ಒಂದೂವರೆ ಹೆಕ್ಟೇರಿನ ಕಾಡನ್ನೇ ಸೂರಿನೊಳಗೆ ಬೆಳೆಸಿದರು. ಹಕ್ಕಿಗಳೂ ಓತಿಗಳೂ ಅದರಲ್ಲಿ ಬಿಡುಬೀಸಾಗಿವೆ. ೨೦೦೩ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಮೃಗಾಲಯದಲ್ಲಿ ಸುಮಾರು ೧೧,೦೦೦ ಚದರ ಮೀಟರು ವಿಸ್ತಾರದ, ೩೦ ಮೀಟರು ಎತ್ತರದ ಭವನ ತೆರೆಯಿತು. ಮಡಗಾಸ್ಕರದ ಮಸೊವಾಲ ಕಾಡಿನ ಹೆಸರು ಅದಕ್ಕೆ. ಅಲ್ಲಿ ಬಣ್ಣದ ಗೋಸುಂಬೆಗಳು ಪೊದೆಗಳಲ್ಲಿ ಬದುಕಿ ಮರಿ ಮಾಡುತ್ತವೆ, ಮೇಲೆ ಹಕ್ಕಿಗಳು ಹಾರುತ್ತವೆ, ನೆಲದಲ್ಲಿ ದೈತ್ಯ ಆಮೆಗಳು ಮೇಯುತ್ತವೆ. ಸ್ಥಳ ವಿಶಾಲವಾದುದು, ಪೊದೆ ದಟ್ಟವಾದುದು. ಆರಿಸಿ ತಂದ ಜಾತಿಗಳೂ ಒಂದರ ಬಾಯಿಗೆ ಒಂದು ಸುಲಭವಾಗಿ ಸಿಕ್ಕುವಂಥವಲ್ಲ. ಇಂಥ ಮನೆಗಳನ್ನು ನಡೆಸಿದವರ ಅನುಭವದಿಂದ ಕೆಲವು ನಿಯಮಗಳು ನಿಂತಿವೆ.

ಮೊದಲನೆಯದು ಬಾಯಿಯ ಅಳತೆ. ಒಂದರ ಬಾಯಲ್ಲಿ ಇನ್ನೊಂದು ಹಿಡಿಯುವಂತಿದ್ದರೆ ಎಂದಾದರೊಂದು ದಿನ ಅದು ಹೊಟ್ಟೆ ಸೇರುತ್ತದೆ. ಮಿಂಚುಳ್ಳಿ, ಮಂಗಟ್ಟೆ, ಕೆಂಬೂತ, ಮೈನಾ ಇವುಗಳಿಗೆ ಸಣ್ಣ ಹಲ್ಲಿ ಆಹಾರ. ನವಿಲು ಹಾವಿನ ಮರಿಯನ್ನೂ ಬಿಡುವುದಿಲ್ಲ. ಉಡಕ್ಕೆ ಮೊಟ್ಟೆಯ ವಾಸನೆ ತಿಳಿದರೆ ಗೂಡು ಉಳಿಯದು. ಹಾವನ್ನಂತೂ ಹಕ್ಕಿಗಳ ನಡುವೆ ಬಿಡುವ ಮಾತೇ ಇಲ್ಲ. ಗಾಜಿನ ಆಚೆ ಅದಕ್ಕೆ ಬೇರೆ ಮನೆ. ಎಲೆ ಸೊಪ್ಪು ತಿನ್ನುವ ನೆಲದ ಆಮೆ ಮತ್ತು ಕೊಂಬೆಯ ಮೇಲಿರುವ ಕಾಳುಗುಬ್ಬಿಗಳ ಜಾತಿ, ಇವೇ ಬಹುಕಾಲದಿಂದ ಹೊಂದಿಕೊಂಡು ಬಂದ ಜೋಡಿ. ಆದರೆ ಗಿಳಿಯ ಕೊಕ್ಕು ಸುಮ್ಮನಿರುವುದಿಲ್ಲ. ಆಮೆಯ ಚಿಪ್ಪನ್ನೂ ಕುಕ್ಕೀತು.

ಎರಡನೆಯದು ಅಂತಸ್ತು. ಒಂದು ಮೇಲೆ, ಒಂದು ಕೆಳಗೆ, ಒಂದು ನೀರಿನಲ್ಲಿ ಇರುವಂತೆ ಜಾತಿಗಳನ್ನು ಆರಿಸಬೇಕು. ನೆಲದ ಮೇಲೆ ಗೂಡು ಮಾಡುವ ಲಾವಕ್ಕಿಯನ್ನೂ ದೊಡ್ಡ ಆಮೆಯನ್ನೂ ಇಕ್ಕಟ್ಟಿನಲ್ಲಿ ಕೂಡಿಹಾಕಿದರೆ, ಆಮೆಗೆ ಕೆಡುಕಿನ ಎಣಿಕೆ ಇಲ್ಲದಿದ್ದರೂ ಮೊಟ್ಟೆ ಕಾಲಡಿ ಸಿಕ್ಕಿ ಒಡೆಯುತ್ತದೆ. ಮೂರನೆಯದು ಊಟ. ಹಕ್ಕಿಯ ಕಾಳಿನ ತಟ್ಟೆ ಎತ್ತರದಲ್ಲಿರಬೇಕು, ಆಮೆಯ ಸೊಪ್ಪು ಹಕ್ಕಿಯ ಹಿಕ್ಕೆ ಬೀಳದ ಕಡೆ ಇರಬೇಕು. ಕೆಳಗೆ ಚೆಲ್ಲಿದ ಕಾಳನ್ನು ತಿಂದು ತಿಂದು ಆಮೆಯ ಆರೋಗ್ಯ ಕೆಡುತ್ತದೆ. ನಾಲ್ಕನೆಯದು, ಪ್ರಾಕ್ಟರ್ ತೋರಿಸಿಕೊಟ್ಟ ಬಿಸಿಯ ಮೂಲೆ ಮತ್ತು ತಂಪಿನ ಮೂಲೆ. ಬಿಸಿಯ ದೀಪದ ಹತ್ತಿರ ಹಕ್ಕಿ ಹೋಗದಂತೆ ತಡೆ ಇರಬೇಕು.

ಐದನೆಯದು ರೋಗ. ಆಮೆ, ಓತಿಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲ ಎಂಬ ಸೂಕ್ಷ್ಮಜೀವಿ ಏನೂ ತೊಂದರೆ ಕೊಡದೆ ವಾಸವಾಗಿರುತ್ತದೆ. ಹಕ್ಕಿಗೆ, ಮನುಷ್ಯನಿಗೆ ಅದೇ ಕಾಯಿಲೆ ತರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರೆಂದು ಅಮೆರಿಕದಲ್ಲಿ ೧೯೭೫ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಲ್ಲಿಸಿದರು. ಹೊಸದಾಗಿ ಬಂದ ಪ್ರಾಣಿಯನ್ನು ಒಂದು ತಿಂಗಳಾದರೂ ಬೇರೆ ಇಟ್ಟು ನೋಡಿ ಆಮೇಲೆ ಸೇರಿಸುವುದು ಒಳ್ಳೆಯ ಮೃಗಾಲಯಗಳ ವಾಡಿಕೆ. ಕೊನೆಯದು, ಮತ್ತು ಬಹಳ ಜನ ಮರೆಯುವುದು, ಹೊರಬರುವ ದಾರಿ. ಜೊತೆಗೂಡಿಸಿದ ಮೇಲೆ ಹೊಂದದಿದ್ದರೆ ತೆಗೆದಿಡಲು ಇನ್ನೊಂದು ಪಂಜರ ಮೊದಲೇ ಸಿದ್ಧವಾಗಿರಬೇಕು. ಆರು ತಿಂಗಳು ಸುಮ್ಮನಿದ್ದ ಹಕ್ಕಿ ಗೂಡು ಕಟ್ಟುವ ಕಾಲ ಬಂದೊಡನೆ ಬೇರೆಯೇ ಹಕ್ಕಿಯಾಗುತ್ತದೆ.

ಕಾಡಿನಲ್ಲಿ ಒಟ್ಟಿಗೆ ಇರುತ್ತವಲ್ಲ, ಪಂಜರದಲ್ಲಿ ಏಕೆ ಇರಬಾರದು ಎಂದು ವಾದಿಸುವವರಿದ್ದಾರೆ. ಅವರಿಗೆ ನ್ಯೂಜಿಲೆಂಡಿನ ಟುವಟಾರ ಉತ್ತರ ಹೇಳುತ್ತದೆ. ಓತಿಯಂತೆ ಕಂಡರೂ ಓತಿಯಲ್ಲದ ಈ ಪುರಾತನ ಪ್ರಾಣಿ ಸ್ಟೀಫನ್ಸ್ ಎಂಬ ಪುಟ್ಟ ದ್ವೀಪದಲ್ಲಿ ಕಡಲಹಕ್ಕಿಗಳು ತೋಡಿದ ಬಿಲಗಳಲ್ಲಿ ಅವುಗಳ ಜೊತೆಯಲ್ಲಿಯೇ ವಾಸ ಮಾಡುತ್ತದೆ. ಹಕ್ಕಿಯ ಹಿಕ್ಕೆಯಿಂದ ಹುಳುಗಳು ಹೆಚ್ಚುತ್ತವೆ, ಹುಳುಗಳಿಂದ ಟುವಟಾರಕ್ಕೆ ಊಟ. ಆದರೆ ಹಕ್ಕಿಯ ಮೊಟ್ಟೆ ಮರಿಗಳನ್ನೂ ಅದು ಆಗಾಗ ತಿಂದುಹಾಕುತ್ತದೆ. ದ್ವೀಪದಲ್ಲಿ ಗೂಡುಗಳು ಲೆಕ್ಕವಿಲ್ಲದಷ್ಟಿರುವುದರಿಂದ ಈ ನಷ್ಟ ತಡೆಯುತ್ತದೆ. ಪಂಜರದಲ್ಲಿ ಇರುವುದು ಒಂದೇ ಗೂಡು. ಅಲ್ಲಿ ಹೋದ ಮರಿ ಹೋದಂತೆಯೇ.

ಓದುಗರೆ, ನಿಮ್ಮಲ್ಲಿ ಕೆಲವರ ಮನೆಯ ಜಗಲಿಯಲ್ಲಿ ಹಕ್ಕಿಯ ಪಂಜರ ತೂಗುತ್ತಿರಬಹುದು. ಮಗನೋ ಮಗಳೋ ಅದರ ಜೊತೆಗೆ ಒಂದು ಆಮೆಯೂ ಬೇಕೆಂದು ಹಟ ಹಿಡಿದಿರಬಹುದು. ಮೊದಲು ಒಂದು ಮಾತು ತಿಳಿದಿರಲಿ: ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿ, ಮೈನಾಗಳನ್ನಾಗಲಿ, ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿ ಸಾಕುವಂತಿಲ್ಲ. ಆಸ್ಟ್ರೇಲಿಯ ಮೂಲದ, ಪೇಟೆಯಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಪುಟ್ಟ ಗಿಳಿಗಳ ಮಾತು ಬೇರೆ. ಅವುಗಳ ಪಂಜರಕ್ಕೂ ಇನ್ನೊಂದು ಜಾತಿಯನ್ನು ಸೇರಿಸುವ ಮುನ್ನ ಮೇಲೆ ಹೇಳಿದ ಲೆಕ್ಕಗಳನ್ನೆಲ್ಲ ಹಾಕಿ ನೋಡಿ. ಜಗಲಿಯ ಪಂಜರದಲ್ಲಿ ಅಂತಸ್ತುಗಳಿಗೆ ಎಡೆಯಿಲ್ಲ, ಬಿಸಿಯ ಮೂಲೆಗೆ ಎಡೆಯಿಲ್ಲ, ಅಡಗುವುದಕ್ಕೂ ಎಡೆಯಿಲ್ಲ. ಬಹುಮಟ್ಟಿಗೆ ಉತ್ತರ 'ಬೇಡ' 'ಬೇಡ' ಎಂದೇ ಬರುತ್ತದೆ. ಮಕ್ಕಳಿಗೆ ಅದರ ಕಾರಣ ಬಿಡಿಸಿ ಹೇಳಿದರೆ, ತಂದುಕೊಡದಿದ್ದ ಆಮೆಗಿಂತ ಹೆಚ್ಚಿನದನ್ನು ನೀವು ಕೊಟ್ಟಂತಾಗುತ್ತದೆ.

ಸಿಹೆಕ್‌ನ ಕಥೆಗೆ ಒಂದು ಮುಂದುವರಿಕೆ ಇದೆ. ಅದು ಮತ್ತೆ ಬಯಲಿಗೆ ಬರಬೇಕಾದರೆ ಹಾವಿಲ್ಲದ ನೆರೆ ಬೇಕಾಗಿತ್ತು. ಶಾಂತಸಾಗರದ ನಡುವಿನ ಪಾಲ್ಮೈರ ಎಂಬ ದ್ವೀಪವನ್ನು ಆರಿಸಿದರು. ಅಲ್ಲಿ ಹಾವಿಲ್ಲ, ಇಲಿಗಳನ್ನು ೨೦೧೧ರಲ್ಲಿಯೇ ನಿರ್ಮೂಲ ಮಾಡಿದ್ದರು. ತಿನ್ನಲು ಹಲ್ಲಿಗಳೂ ಹುಳುಗಳೂ ಇದ್ದುವು. ೨೦೨೪ರ ಸೆಪ್ಟೆಂಬರಿನಲ್ಲಿ, ಪಂಜರಗಳಲ್ಲಿ ಹುಟ್ಟಿ ಬೆಳೆದ ಒಂಬತ್ತು ಎಳೆಯ ಸಿಹೆಕ್‌ಗಳನ್ನು ಅಲ್ಲಿ ಹಾರಬಿಟ್ಟರು. ೨೦೨೫ರಲ್ಲಿ ಅವು ಮೊಟ್ಟೆಯಿಟ್ಟವು. ಕಾಡಿನಲ್ಲಿ ಸಿಹೆಕ್ ಮೊಟ್ಟೆಯಿಟ್ಟು ಸುಮಾರು ನಲವತ್ತು ವರ್ಷಗಳಾಗಿದ್ದುವು. ಮುಂದಿನ ಸಲ ರಂಗನತಿಟ್ಟಿನ ದೋಣಿಯಲ್ಲಿ ಕುಳಿತಾಗ ಮಗು ಮೊಸಳೆಯನ್ನು ತೋರಿಸಿ ಅದೇ ಪ್ರಶ್ನೆ ಕೇಳಿದರೆ, ಕೊಂಬೆಗೂ ನೀರಿಗೂ ನಡುವಣ ಅಂತರವನ್ನು ತೋರಿಸಿ ಉತ್ತರ ಹೇಳಿ.